ಪಾರ್ವತಮ್ಮನ ಏಳು ನೀಲಿ ಕಾಗದಗಳು

ಪಾರ್ವತಮ್ಮನ ಅಕ್ಷರ ಬಲು ಅಂದ. ನಾಗಮಂಗಲದ ಹೈಸ್ಕೂಲಿನಲ್ಲಿ ಹತ್ತನೇ ಕ್ಲಾಸಿನ ಗಣಿತ ಅವಳಿಗೆ ಕೈ ಕೊಟ್ಟಿತೇ ಹೊರತು ಕೈಬರಹ ಎಂದೂ ಕೈ ಕೊಟ್ಟಿದ್ದಿಲ್ಲ. ಆ ಅಂದವಾದ ಅಕ್ಷರದಲ್ಲಿ ಅವಳು ಹೋದ ಅಕ್ಟೋಬರಿನಿಂದ ಈ ಮಾರ್ಚ್‌ವರೆಗೆ ಏಳು ಕಾಗದ ಬರೆದಳು. ಒಂದಕ್ಕಾದರೂ ಉತ್ತರ ಬಂತೇ ಅಂದರೆ, ಇಲ್ಲ. ಕೇಳಿದ್ದು ಹೆಚ್ಚಾಯಿತೇ ಅಂದರೆ, ಅದೂ ಇಲ್ಲ. ಎರಡು ಹಸು ಕೇಳಿದಳು. ಅದೂ ತನ್ನವೇ ಎರಡು ಹಸು. ತನ್ನದನ್ನು ತಾನು ಕೇಳುವುದಕ್ಕೆ ಏಳು ಸಲ "ತಮ್ಮಲ್ಲಿ ವಿನಮ್ರ ಪ್ರಾರ್ಥನೆ" ಅಂತ ಬರೆಯಬೇಕು ಅಂದರೆ ಯಾರಿಗೆ ಮೈ ಉರಿಯುವುದಿಲ್ಲ?

ಕಥೆಯನ್ನು ಅವಳ ಗಂಡನಿಂದ ಶುರು ಮಾಡಬೇಕು, ಯಾಕೆಂದರೆ ಕಿತಾಪತಿಯೆಲ್ಲ ಹುಟ್ಟಿದ್ದು ಅಲ್ಲಿಂದಲೇ. ಗಂಡನ ಹೆಸರು ಚಿಕ್ಕಸ್ವಾಮಿ. ಕೆ.ಆರ್. ಪೇಟೆಯಿಂದ ಹೊಸಹೊಳಲು ದಾಟಿ ಒಳಕ್ಕೆ ತಿರುಗಿದರೆ ಸಿಗುವ ಹೊಂಗೆಕೊಪ್ಪಲು ಅವನ ಊರು. ಒಂದೇ ಒಂದು ಸಲ ತಾಲ್ಲೂಕು ಪಂಚಾಯಿತಿ ಮೆಂಬರಾಗಿ ಗೆದ್ದಿದ್ದ. ಐದು ವರ್ಷ ಸದಸ್ಯ, ಆಮೇಲೆ ಹದಿನೈದು ವರ್ಷ ಮಾಜಿ ಸದಸ್ಯ. ಸದಸ್ಯನಾಗಿದ್ದಾಗ ಇಲ್ಲದ ಠೀವಿ ಮಾಜಿಯಾದ ಮೇಲೆ ಬಂತು. ಹೆಸರಿನ ಕೆಳಗೆ "ಮಾಜಿ ಸದಸ್ಯರು" ಅಂತ ಅಚ್ಚು ಹಾಕಿಸಿದ ಲೆಟರ್‌ಪ್ಯಾಡು, ಗಂಜಿ ಹಾಕಿದ ಬಿಳಿ ಶರಟು, ಶರಟಿನ ಜೇಬಿನಲ್ಲಿ ಎರಡು ಪೆನ್ನು. ಒಂದು ನೀಲಿ, ಒಂದು ಹಸಿರು.

ಹಸಿರು ಪೆನ್ನು ಯಾಕೆ ಅಂತ ಪಾರ್ವತಮ್ಮ ಒಮ್ಮೆ ಕೇಳಿದ್ದುಂಟು. ಎರಡೂ ಜೇಬಿಗೆ ಸೋರಿ ಕಲೆ ಮಾಡುತ್ತಿದ್ದವು, ಉಜ್ಜಿ ಉಜ್ಜಿ ಅವಳ ಬೆರಳು ಸವೆದಿದ್ದವು.

"ಗೆಜೆಟೆಡ್ ಆಫೀಸರ್‌ಗಳ ಇಂಕು ಕಣೇ ಅದು. ನಿಂಗೇನ್ ಗೊತ್ತಾಯ್ತದೆ?" ಅಂದಿದ್ದ ಚಿಕ್ಕಸ್ವಾಮಿ.

"ನೀವ್ಯಾವ್ ಗೆಜೆಟೆಡ್ಡು?" ಅಂತ ಇವಳು ಕೇಳಿದ್ದಕ್ಕೆ ಅವನು ನಕ್ಕು ಸುಮ್ಮನಾಗಿದ್ದ. ಆ ನಗುವಿನ ಅರ್ಥ ಅವಳಿಗೆ ತಿಳಿದದ್ದು ಅವನು ಸತ್ತು ಐದು ತಿಂಗಳಾದ ಮೇಲೆ.

ಅವನ ಕೆಲಸವೇ ಕಾಗದ ಬರೆಯುವುದು. ಬೆಳಿಗ್ಗೆ ಎದ್ದರೆ ಜಗಲಿಯ ಮೇಲೆ ಜನ. ಒಬ್ಬನಿಗೆ ಬೋರ್‌ವೆಲ್ಲು, ಒಬ್ಬಳಿಗೆ ಪಿಂಚಣಿ, ಇನ್ನೊಬ್ಬನಿಗೆ ಮಗನ ವರ್ಗಾವಣೆ. ಎಲ್ಲವನ್ನೂ ಚಿಕ್ಕಸ್ವಾಮಿ ಅಣ್ಣೋರಿಗೆ ಬರೆಯುತ್ತಿದ್ದ. ಅಣ್ಣೋರು ಅಂದರೆ ಆ ಸೀಮೆಯ ಮುಖಂಡರು. ಅವರು ಆಗ ಯಾವ ಪಕ್ಷದಲ್ಲಿದ್ದರು, ಈಗ ಯಾವುದರಲ್ಲಿದ್ದಾರೆ ಅಂತ ಹೇಳಹೊರಟರೆ ಈ ಕಥೆ ಮುಗಿಯುವುದರೊಳಗೆ ಅದೂ ಬದಲಾಗಿರುತ್ತದೆ. ಅವರ ಆಫೀಸು ಕೆ.ಆರ್. ಪೇಟೆಯ ಬಸ್‌ಸ್ಟ್ಯಾಂಡಿನ ಹಿಂದೆ. ಅಲ್ಲಿ ಕಾಗದ ಇಸಿದುಕೊಳ್ಳುವವನು ಅವರ ಪಿ.ಎ. ರಘುನಂದನ್.

ಜಗಲಿಯ ಮೇಲೆ ಕೂತವರಿಗೆಲ್ಲ ಕಾಫಿ ಕೊಡುವುದು ಪಾರ್ವತಮ್ಮನ ಪಾಲು. ಹೆಚ್ಚು ಕಾಫಿ ಕುಡಿದವಳು ಕೆಳಗಲಕೇರಿಯ ಚಲುವಮ್ಮ. ಅರವತ್ತೈದರ ವಿಧವೆ, ಮಳೆಗೆ ಬಿದ್ದ ಗೋಡೆಗೆ ತಗಡು ಒರಗಿಸಿಕೊಂಡು ಒಂದು ಹಸು ಕಟ್ಟಿಕೊಂಡಿದ್ದವಳು. ಸರ್ಕಾರದಿಂದ ಒಂದು ಮನೆ ಮಂಜೂರು ಮಾಡಿಸಿಕೊಡಿ ಅಂತ ವರ್ಷಕ್ಕೊಮ್ಮೆ ಬರುತ್ತಿದ್ದಳು. ಚಿಕ್ಕಸ್ವಾಮಿ ಅವಳೆದುರಿಗೇ ಗಟ್ಟಿಯಾಗಿ ಓದುತ್ತಾ ಕಾಗದ ಬರೆದು, ಸೀಲು ಒತ್ತಿ, ಕೈಯಲ್ಲಿಡುತ್ತಿದ್ದ. ಅವಳು ಕಣ್ಣಿಗೊತ್ತಿಕೊಂಡು ತಾನೇ ಬಸ್ಸು ಹತ್ತಿ ರಘುನಂದನನಿಗೆ ಕೊಟ್ಟು ಬರುತ್ತಿದ್ದಳು. ಮನೆ ಬರಲಿಲ್ಲ. ಪಾರ್ವತಮ್ಮ ಕಾಫಿ ಲೋಟ ಕೊಡುತ್ತಾ, "ಆಯ್ತದೆ ಬುಡು ಚಲುವಕ್ಕ, ನಮ್ಮನೆಯೋರು ಬರ್ದವ್ರಲ್ಲ" ಅನ್ನುತ್ತಿದ್ದಳು. ಮನಸ್ಸಿನಿಂದಲೇ ಅನ್ನುತ್ತಿದ್ದಳು. ಮನೆಗೆ ಮಾರಿ, ಊರಿಗೆ ಉಪಕಾರಿ ಅಂತ ಗಂಡನನ್ನು ಎಷ್ಟು ಬೈದರೂ, ಊರಿಗಾದರೂ ಉಪಕಾರಿ ಅಂತ ಒಳಗೊಳಗೆ ಹೆಮ್ಮೆ ಇತ್ತು.

ಮನೆ ನಡೆಸುತ್ತಿದ್ದದ್ದು ಕಾಗದಗಳಲ್ಲ, ಹಸುಗಳು. ಅವು ಪಾರ್ವತಮ್ಮನವು. ಮದುವೆಯಲ್ಲಿ ಅವಳ ಅಪ್ಪ ಬಳುವಳಿಯಾಗಿ ಕೊಟ್ಟ ಕಡಸಿನ ಸಂತಾನ. ಮೊಮ್ಮಗಳೋ ಮರಿಮಗಳೋ ಆಗಬೇಕಾದ ಕೆಂಪಿ, ಅವಳ ಕರು ಬೆಳೆದು ಹಸುವಾದ ರಾಣಿ. ಎರಡೂ ಸೇರಿ ದಿನಕ್ಕೆ ಹದಿನಾರು ಲೀಟರು. ಊರಿನ ಹಾಲಿನ ಡೇರಿಯಲ್ಲಿ ಅವಳ ನಂಬರು ನಲವತ್ತೇಳು. ಇಪ್ಪತ್ತು ವರ್ಷದಲ್ಲಿ ಒಂದು ದಿನವೂ ನೀರು ಬೆರೆಸಿದವಳಲ್ಲ, ಬೇರೆಯವರ ಹಾಲು ತನ್ನ ನಂಬರಿಗೆ ಹಾಕಿದವಳಲ್ಲ. ಮಗಳು ಸುನಿತಾಳ ಮದುವೆಯನ್ನು ಆ ನಂಬರೇ ಮಾಡಿತು. "ನಲವತ್ತೇಳು ಬಂತು, ದಾರಿ ಬುಡ್ರಲಾ" ಅಂತ ಡೇರಿ ಕಾರ್ಯದರ್ಶಿ ಲೋಕೇಶ ಕ್ಯೂನಲ್ಲಿ ನಿಂತವರಿಗೆ ತಮಾಷೆ ಮಾಡುತ್ತಿದ್ದ.

ಹೋದ ಸೆಪ್ಟೆಂಬರಿನಲ್ಲಿ ಒಂದು ಸಹಕಾರಿ ಚುನಾವಣೆ ಬಂತು. ಅಣ್ಣೋರು ನಿಂತರು. ಮಂಡ್ಯ ಸೀಮೆಯಲ್ಲಿ ಸಹಕಾರಿ ಚುನಾವಣೆ ಅಂದರೆ ಸುಮ್ಮನೆ ಅಲ್ಲ, ಅಣ್ಣತಮ್ಮಂದಿರು ಮಾತು ಬಿಡುತ್ತಾರೆ. ಓಟು ಹಾಕುವವರನ್ನು ಕರೆದುಕೊಂಡು ಓಡಾಡುವುದಕ್ಕೆ ಗಾಡಿ ಬೇಕು, ಗಾಡಿಗೆ ಬಾಡಿಗೆ ಬೇಕು. ಪಾರ್ವತಮ್ಮ ಮಗಳ ಮನೆಗೆ ಹೋಗಿದ್ದ ದಿನ ನೋಡಿ ಚಿಕ್ಕಸ್ವಾಮಿ ಕೆಂಪಿಯನ್ನೂ ರಾಣಿಯನ್ನೂ ಮಾರಿಬಿಟ್ಟ. ಅವಳು ಬಂದಾಗ ಗೂಟದಲ್ಲಿ ಹಗ್ಗ ಮಾತ್ರ ಇತ್ತು.

"ದೀಪಾವಳಿ ಒಳ್ಗೆ ಅಣ್ಣೋರು ಕೊಡ್ತಾರೆ ಕಣೇ. ಇವಕ್ಕಿಂತ ಒಳ್ಳೇವು ತರನ" ಅಂದ.

"ಒಳ್ಳೇವು ಯಾರಿಗ್ ಬೇಕು? ನನ್ನವು ಎಲ್ಲಿ?" ಅಂದಳು ಅವಳು. ಆಮೇಲೆ ಹದಿನೆಂಟು ದಿನ ಅವನ ಜೊತೆ ಮಾತಾಡಲಿಲ್ಲ. ಊಟಕ್ಕೆ ಇಡುತ್ತಿದ್ದಳು, ಶರಟು ಒಗೆಯುತ್ತಿದ್ದಳು, ಬೆಳಿಗ್ಗೆ ಎದ್ದು ಅಭ್ಯಾಸಬಲದಿಂದ ಖಾಲಿ ಕೊಟ್ಟಿಗೆ ಗುಡಿಸುತ್ತಿದ್ದಳು. ಹತ್ತೊಂಬತ್ತನೆಯ ದಿನ ಮಾತಾಡಬೇಕು ಅಂತಿದ್ದಳಂತೆ. ಅಷ್ಟರಲ್ಲಿ ಪಾಂಡವಪುರದ ಬಸ್‌ಸ್ಟ್ಯಾಂಡಿನಲ್ಲಿ, ಕರಪತ್ರದ ಕಟ್ಟು ಕಂಕುಳಲ್ಲಿಟ್ಟುಕೊಂಡು ನಿಂತಿದ್ದವನು ಎದೆ ಹಿಡಿದುಕೊಂಡು ಕೂತ, ಕೂತವನು ಏಳಲಿಲ್ಲ.

ಹೆಣಕ್ಕೆ ಹೊಸ ಶರಟು ಹಾಕಿದರು. ಜೇಬು ಬರಿದಾಗಿ ಕಂಡಿತು. ಪಾರ್ವತಮ್ಮನಿಗೆ ಅದನ್ನು ಸಹಿಸಲಾಗಲಿಲ್ಲ. ಸತ್ತವರಿಗೆ ಇಷ್ಟದ ವಸ್ತು ಜೊತೆಯಲ್ಲಿಡುವುದು ಪದ್ಧತಿ. ಎದ್ದು ಹೋಗಿ ಹಳೆಯ ಶರಟಿನ ಜೇಬಿನಿಂದ ಹಸಿರು ಪೆನ್ನು ತಂದು ಸಿಕ್ಕಿಸಿದಳು. ಅವನು ಅದನ್ನು ಯಾರಿಗೂ ಮುಟ್ಟಗೊಡುತ್ತಿರಲಿಲ್ಲ, ಅದಕ್ಕೆ ಅದನ್ನೇ ಇಟ್ಟಳು. ನೀಲಿ ಮನೆಯಲ್ಲಿ ಉಳಿಯಿತು. ಹಸಿರು ಅವನ ಜೊತೆ ಸುಟ್ಟುಹೋಯಿತು.

ಅಸ್ಥಿ ಬಿಡಲು ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಗೆ ಹೋದ ದಿನ ಅಣ್ಣೋರೇ ಬಂದರು. ಮೂರು ಕಾರು, ಇಪ್ಪತ್ತು ಜನ, ಮೊಬೈಲಿನಲ್ಲಿ ವಿಡಿಯೊ ಮಾಡುವವರು ಬೇರೆ. ಪಂಚೆ ಎತ್ತಿ ಕಟ್ಟಿ ಮೊಣಕಾಲುದ್ದ ನೀರಿಗಿಳಿದು, ಪಾರ್ವತಮ್ಮನ ಕಡೆ ಕೈ ಮುಗಿದು ಎಲ್ಲರಿಗೂ ಕೇಳುವಂತೆ ಹೇಳಿದರು: "ತಾಯಿ, ಚಿಕ್ಕಸ್ವಾಮಿ ನನ್ ಬಲಗೈ. ನಿಮ್ ಹಸ ಮಾರಿ ನನ್ಗೆ ದುಡಿದ ಅಂತ ನನ್ಗೆ ಗೊತ್ತು. ಆ ಎರಡು ಹಸಾನ ನಾನು ತಂದು ನಿಮ್ ಕೊಟ್ಟಿಗೇಲಿ ಕಟ್ತೀನಿ. ಮಿಕ್ಕಿದ್ದು ನಾನ್ ನೋಡ್ಕೋತೀನಿ." ಜನ ಚಪ್ಪಾಳೆ ತಟ್ಟಿದರು. ಅಸ್ಥಿ ಬಿಡುವ ಜಾಗದಲ್ಲಿ ಚಪ್ಪಾಳೆ! ಗಂಡನಿಗೆ ಎಳ್ಳುನೀರು ಬಿಟ್ಟ ಅದೇ ಹೊಳೆಯಲ್ಲಿ ಆ ಮಾತಿಗೂ ಎಳ್ಳುನೀರು ಬಿಟ್ಟರು ಅನ್ನುವುದು ಅವಳಿಗೆ ಆವತ್ತು ಹೊಳೆಯಲಿಲ್ಲ.

ತಿಥಿಯಾಗಿ ನಾಲ್ಕು ದಿನಕ್ಕೆ ಮೊದಲನೆಯ ಕಾಗದ ಬರೆದಳು. ಗಂಡನ ಲೆಟರ್‌ಪ್ಯಾಡಿನಲ್ಲಿ, ಗಂಡನ ನೀಲಿ ಪೆನ್ನಿನಲ್ಲಿ. ಪೆನ್ನು ಹಿಡಿದಾಗ ಅವನ ಕೈ ಹಿಡಿದಂತಾಗಿ ಸ್ವಲ್ಪ ಹೊತ್ತು ಅಳುಬಂತು. ಅವನು ಇಟ್ಟುಕೊಂಡಿದ್ದ ಜೆರಾಕ್ಸು ಪ್ರತಿಗಳನ್ನು ನೋಡಿ ನೋಡಿ, ಎಲ್ಲಿ "ಮಾನ್ಯರೇ", ಎಲ್ಲಿ "ಸದರಿ", ಎಲ್ಲಿ "ತಮ್ಮ ವಿಶ್ವಾಸಿ" ಅಂತ ಹೊಂದಿಸಿದಳು. ಜೆರಾಕ್ಸಿನಲ್ಲಿ ಎಲ್ಲ ಇಂಕೂ ಕರ್ರಗೆ. ರಘುನಂದನನ ಕೈಗೆ ತಾನೇ ಕೊಟ್ಟಳು. ಅವನು ಕಾಗದದ ಮೇಲೊಮ್ಮೆ ಕಣ್ಣಾಡಿಸಿ, "ಅಣ್ಣೋರ್ ಗಮನಕ್ಕೆ ತರ್ತೀನಿ ಅಕ್ಕ" ಅಂದ.

ದೀಪಾವಳಿ ಬಂತು, ಹೋಯಿತು. ಎರಡನೆಯ ಕಾಗದದಲ್ಲಿ ಶ್ರೀರಂಗಪಟ್ಟಣದ ಮಾತನ್ನು ನೆನಪಿಸಿದಳು. ಮೂರನೆಯದರಲ್ಲಿ ಹಸುಗಳ ಹೆಸರು ಬರೆದಳು, ಹೆಸರು ನೋಡಿದರಾದರೂ ಮನಸ್ಸು ಕರಗೀತು ಅಂತ. ನಾಲ್ಕನೆಯದರಲ್ಲಿ ಎರಡು ಬೇಡ, ಒಂದಾದರೂ ಕೊಡಿಸಿ ಅಂದಳು. ಇಳಿದು ಬರೆದದ್ದಕ್ಕೆ ಆಮೇಲೆ ತನ್ನ ಮೇಲೇ ಸಿಟ್ಟು ಬಂದು ಐದನೆಯದರಲ್ಲಿ ಮತ್ತೆ ಎರಡು ಮಾಡಿದಳು. ಪ್ರತಿ ಸಲವೂ ರಘುನಂದನ್ "ನೋಡಣ ಅಕ್ಕ" ಅಂದ. ನೀರಿನಲ್ಲಿ ನಿಂತು ಹೇಳಿದ "ನೋಡ್ಕೋತೀನಿ" ಆಫೀಸಿಗೆ ಬರುವಷ್ಟರಲ್ಲಿ "ನೋಡಣ" ಆಗಿತ್ತು. ಫೋನು ಮಾಡಿದರೆ ಅಣ್ಣೋರು ಕೆ.ಆರ್.ಎಸ್.ನಲ್ಲಿ ಮೀಟಿಂಗು, ಬೆಂಗಳೂರಿನಲ್ಲಿ ಮೀಟಿಂಗು. ಅದ್ಯಾವ ಮೀಟಿಂಗೋ, ಅವಳ ಹಸುಗಳ ಮಾತೊಂದು ಬಿಟ್ಟು ಮಿಕ್ಕಿದ್ದೆಲ್ಲ ಅಲ್ಲಿ ನಡೆಯುತ್ತಿತ್ತು. ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ ಅಂತ ಹಿರಿಯರು ಸುಮ್ಮನೆ ಹೇಳಿದ್ದಾರೆಯೇ?

ಆರನೆಯ ಕಾಗದ ಕೊಟ್ಟ ವಾರ ಲೋಕೇಶ ಮನೆಗೇ ಬಂದ. ಡೇರಿಯ ನಿಯಮ ಅವಳಿಗೂ ಗೊತ್ತಿದ್ದದ್ದೇ. ಏಪ್ರಿಲ್‌ನಿಂದ ಮಾರ್ಚ್‌ವರೆಗೆ ನೂರೆಂಬತ್ತು ದಿನ ಹಾಲು ಹಾಕಿದವರ ನಂಬರು ಉಳಿಯುತ್ತದೆ. ಉಳಿದವರಿಗೆ ಏಪ್ರಿಲ್‌ನಲ್ಲಿ ಸಂಘದಿಂದ ಹಸು ಸಾಲ ಸಿಗುತ್ತದೆ. ಇಲ್ಲದಿದ್ದರೆ ನಂಬರೂ ಇಲ್ಲ, ಸಾಲವೂ ಇಲ್ಲ.

"ನಿಂದು ನೂರಾ ಅರವತ್ತೇಳು ದಿನ ಆಗದೆ ಪಾರ್ವತಕ್ಕ. ಹದಿಮೂರು ಕಮ್ಮಿ" ಅಂದ ಲೋಕೇಶ. ಹೇಳುವುದಕ್ಕೆ ಅವನಿಗೂ ಕಷ್ಟವಾಗಿತ್ತು. "ಆ ಅಸ ಬೇಗ ಬಂದ್ಬುಟ್ರೆ ಸರೋಯ್ತದೆ."

ಹದಿಮೂರು ದಿನ. ಇಪ್ಪತ್ತು ವರ್ಷ ಹಾಲು ಹಾಕಿದವಳಿಗೆ ಹದಿಮೂರು ದಿನ ಕಮ್ಮಿ. ಅವಳು ಏಳನೆಯ ಕಾಗದ ಬರೆದಳು. ಅದರಲ್ಲಿ "ವಿನಮ್ರ ಪ್ರಾರ್ಥನೆ" ಇರಲಿಲ್ಲ. "ಮಾರ್ಚ್ ಹದಿನೆಂಟರೊಳಗೆ ಹಸು ಬರದಿದ್ದರೆ ನನ್ನ ನಂಬರು ಹೋಗುತ್ತದೆ. ಕೊಟ್ಟ ಮಾತು ನಡೆಸಿ" ಅಂತ ಎರಡೇ ಸಾಲು. ಅದಕ್ಕೂ ಉತ್ತರವಿಲ್ಲದೆ ಮಾರ್ಚ್ ಹದಿನೇಳರಂದು ತಾನೇ ಕೆ.ಆರ್. ಪೇಟೆಯ ಬಸ್ಸು ಹತ್ತಿದಳು.

ಆಫೀಸಿನ ಬಾಗಿಲಲ್ಲಿ ಗುಜರಿಯವನ ಟೆಂಪೊ ನಿಂತಿತ್ತು. ಒಳಗೆ ಗೋಡೆಯ ಮೇಲಿನ ಹಳೆಯ ಪಕ್ಷದ ಫೋಟೊಗಳು ಇಳಿದಿದ್ದವು. ಬಾವುಟಗಳನ್ನು ಗೋಣಿಚೀಲಕ್ಕೆ ತುಂಬುತ್ತಿದ್ದರು. ಅಣ್ಣೋರು ಪಕ್ಷ ಬದಲಾಯಿಸುವವರಿದ್ದರು, ಹೊಸ ಪಕ್ಷಕ್ಕೆ ಹೊಸ ಆಫೀಸು. ರಘುನಂದನ್ ಧೂಳಿನ ನಡುವೆ ನಿಂತು, ಎರಡು ದೊಡ್ಡ ರಟ್ಟಿನ ಪೆಟ್ಟಿಗೆಗಳಿಂದ ಕಾಗದ ಸುರಿಸುತ್ತಿದ್ದ. ಆ ರಾಶಿಯಲ್ಲಿ ಪಾರ್ವತಮ್ಮನಿಗೆ ಗಂಡನ ಲೆಟರ್‌ಪ್ಯಾಡಿನ ಗುರುತು ಹತ್ತಿತು.

"ಇದೇನ್ ರಘು, ನಮ್ಮನೆಯೋರ್ ಕಾಗದ ಎಲ್ಲ ಗುಜರಿಗೆ ಆಕ್ತಿದ್ದೀರಾ?"

"ಹಳೇವು ಅಕ್ಕ. ನೀಲಿವು" ಅಂದ ರಘುನಂದನ್, ತಲೆ ಎತ್ತದೆ.

"ನೀಲಿವು ಅಂದ್ರೆ?"

ಅವನು ಆಗ ತಲೆ ಎತ್ತಿದ. ನಿಜವಾಗಿಯೂ ಆಶ್ಚರ್ಯಪಟ್ಟವನಂತೆ ಅವಳ ಮುಖ ನೋಡಿದ. "ನಿಮ್ಗೆ ಹೇಳಿರ್ಲಿಲ್ವಾ ಅವ್ರು? ನಾನು ನಿಮ್ಗೆ ಗೊತ್ತು ಅನ್ಕೊಂಡಿದ್ದೆ. ನೀಲಿ ಇಂಕಲ್ಲಿ ಬಂದ್ರೆ ಸುಮ್ನೆ ಇಸ್ಕೊಂಡು ಇಟ್ಕೊಳೋದು. ಹಸಿರಲ್ಲಿ ಬಂದ್ರೆ ಮಾಡೋದು. ಜನ ಬಂದು ಕೂತ್ಕೊಂಡಾಗ ಆಗಲ್ಲ ಅನ್ನೋಕಾಗಲ್ವಲ್ಲ ಅಕ್ಕ, ಬೇಜಾರಾಗ್ತಾರೆ. ಎಲ್ಲಾರ್ಗೂ ಕಾಗದ ಸಿಗುತ್ತೆ, ಖುಷಿಯಾಗಿ ಹೋಗ್ತಾರೆ. ಈ ಐಡಿಯಾ ಕೊಟ್ಟೋರೇ ನಿಮ್ ಯಜಮಾನ್ರು. ಬಲೇ ತಲೆ ಅವ್ರದ್ದು."

ಅವನು ಅದನ್ನು ಹೊಗಳಿಕೆಯಾಗಿಯೇ ಹೇಳಿದ. ಪಾರ್ವತಮ್ಮ ಪಕ್ಕದಲ್ಲಿದ್ದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಳು. ತಾನು ಐದು ತಿಂಗಳು ಗಂಡನ ಪೆನ್ನು ಅಂತ ಕಣ್ಣಿಗೊತ್ತಿಕೊಂಡು ಬರೆದದ್ದೆಲ್ಲ "ಏನೂ ಮಾಡಬೇಡಿ" ಅಂತಲೇ ಬರೆದಂತಾಯಿತು. ಮಾಡಿಸುವ ಪೆನ್ನನ್ನು ತಾನೇ ಚಿತೆಗೆ ಹಾಕಿದ್ದಳು. ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಬಂದದ್ದು ಸಿಟ್ಟು. ರಘುನಂದನನ ಮೇಲಲ್ಲ, ಸತ್ತವನ ಮೇಲೆ. ಸತ್ತವನ ಮೇಲೆ ಸಿಟ್ಟು ಬಂದರೆ ಅದನ್ನು ಇಳಿಸಿಕೊಳ್ಳುವುದಕ್ಕೆ ಜಾಗವೇ ಇಲ್ಲ, ಅದೇ ದೊಡ್ಡ ಸಂಕಟ.

ಎದ್ದು ರಾಶಿಯ ಮುಂದೆ ಕುಕ್ಕರುಗಾಲಲ್ಲಿ ಕೂತು ಕೆದಕತೊಡಗಿದಳು. ರಘುನಂದನ್ ಬೇಡವೆನ್ನಲಿಲ್ಲ, ಹೆಂಗೂ ತೂಕಕ್ಕೆ ಹೋಗುವಂಥದ್ದು. ಅವಳ ಏಳೂ ಸಿಕ್ಕವು, ಒಂದರ ಮೇಲೊಂದು, ಮಡಿಕೆ ಕೂಡ ಬಿಚ್ಚದೆ ಎರಡು. ಚಲುವಮ್ಮನವು ಸಿಕ್ಕವು. ಎಣಿಸಿದಳು, ಒಂಬತ್ತು. ಒಂಬತ್ತು ವರ್ಷ, ಒಂಬತ್ತು ನೀಲಿ. ಪ್ರತಿಯೊಂದರ ಹಿಂದೆಯೂ ತಾನು ಕೊಟ್ಟ ಒಂದು ಲೋಟ ಕಾಫಿ, ಆಯ್ತದೆ ಬುಡು ಅಂದ ಒಂದು ಮಾತು. ಆಮೇಲೆ ಆ ನೀಲಿ ರಾಶಿಯಲ್ಲಿ ಒಂದು ಹಸಿರು ಕಂಡಿತು.

ಗಂಡನ ಅಕ್ಷರ. ತಾರೀಕು ಸೆಪ್ಟೆಂಬರ್ ಇಪ್ಪತ್ತೆಂಟು. ಸಾಯುವುದಕ್ಕೆ ವಾರವೂ ಇರಲಿಲ್ಲ. "ಅಣ್ಣನವರಲ್ಲಿ. ಇಷ್ಟು ವರ್ಷದಲ್ಲಿ ನನಗಾಗಿ ಏನೂ ಕೇಳಿದವನಲ್ಲ. ನನ್ನ ಮನೆಯಾಕೆಯ ಎರಡು ಹಸು ಮಾರಿ ಗಾಡಿ ಬಾಡಿಗೆಗೆ ಹಾಕಿದ್ದೇನೆ. ದೀಪಾವಳಿಯೊಳಗೆ ತರುತ್ತೇನೆಂದು ಅವಳಿಗೆ ಹೇಳಿಬಿಟ್ಟಿದ್ದೇನೆ. ಅವಳು ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ದಿನಾ ಬೆಳಿಗ್ಗೆ ಎದ್ದು ಖಾಲಿ ಕೊಟ್ಟಿಗೆ ಗುಡಿಸುತ್ತಾಳೆ. ನೋಡಲಾಗುತ್ತಿಲ್ಲ. ದಯಮಾಡಿ ಇದೊಂದು ಮಾಡಿಕೊಡಿ."

ಪಾರ್ವತಮ್ಮ ಅದನ್ನು ಎರಡು ಸಲ ಓದಿದಳು. ಆಮೇಲೆ ರಘುನಂದನನ ಮುಂದೆ ಹಿಡಿದಳು. "ಇದ್ಯಾವ್ ಬಣ್ಣ?"

ರಘುನಂದನ್ ನೋಡಿದ. "ಹಸಿರೇ" ಅಂದ. ಮತ್ತೆ ಕತ್ತು ಕೆರೆದುಕೊಂಡ. "ಅದು ಅವ್ರು ತಮಗೇ ಬರ್ಕೊಂಡಿದ್ದು ಅಲ್ವಾ ಅಕ್ಕ. ಬೇರೆಯೋರಿಗಾದ್ರೆ ನಾಕು ಓಟು ಬರ್ತಿತ್ತು. ಇವ್ರು ನಮ್ಮೋರೇ, ಎಲ್ಲಿಗ್ ಹೋಗ್ತಾರೆ, ನಿಧಾನಕ್ ಮಾಡಣ ಅಂತ..."

"ಎಲ್ಲಿಗ್ ಓದ್ರು ಅಂತ ಗೊತ್ತಾಯ್ತಲ್ಲ" ಅಂದಳು ಪಾರ್ವತಮ್ಮ. ಹದಿನೇಳು ಕಾಗದ ಮಡಿಚಿ ಬ್ಯಾಗಿಗೆ ಹಾಕಿಕೊಂಡು ಹೊರಗೆ ಬಂದಳು. ಬಸ್‌ಸ್ಟ್ಯಾಂಡಿನ ಅಂಗಡಿಯಲ್ಲಿ ಹಸಿರು ಪೆನ್ನು ನೇತಾಡುತ್ತಿತ್ತು, ಹತ್ತು ರೂಪಾಯಿ. ಕೊಳ್ಳಲಿಲ್ಲ.

ಮರುದಿನ ಬೆಳಿಗ್ಗೆ ಚಲುವಮ್ಮನ ಮನೆಗೆ ಹೋದಳು. ಒಂಬತ್ತು ವರ್ಷ ಆ ಮುದುಕಿಯೇ ಇವಳ ಜಗಲಿಗೆ ಬಂದಿದ್ದಳು, ಇವಳು ಅವಳ ತಗಡಿನ ಕೆಳಗೆ ಒಮ್ಮೆಯೂ ಕೂತಿರಲಿಲ್ಲ. ಹೇಗೆ ಹೇಳುವುದು ಅಂತ ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದದ್ದೆಲ್ಲ ಅಲ್ಲಿ ಮರೆತುಹೋಗಿ, ಬ್ಯಾಗಿನಿಂದ ಒಂಬತ್ತು ಕಾಗದ ತೆಗೆದು ಮುಂದಿಟ್ಟು ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟಳು.

ಚಲುವಮ್ಮನಿಗೆ ಓದು ಬಾರದು. ಬಣ್ಣ ಗೊತ್ತಾಗುತ್ತದಲ್ಲ. ಒಂದೊಂದನ್ನೂ ಬಿಚ್ಚಿ ನೋಡಿದಳು.

"ಒಂಬತ್ತೂ ಇದೇಯಾ?"

"ಒಂಬತ್ತೂ."

"ಅಂಗಾರೆ ಅಸ್ರು ಪೆನ್ನಲ್ಲಿ ಬರ್ದು ಕೊಡು. ನಿನ್ ಅಕ್ಸರ ಚೆಂದಾಗದಲ್ಲ" ಅಂದಳು ಚಲುವಮ್ಮ.

ಪಾರ್ವತಮ್ಮ ಗಂಡನ ಹಸಿರು ಕಾಗದ ತೆಗೆದು ತೋರಿಸಿ, ಅದರಲ್ಲಿದ್ದುದನ್ನು ಓದಿ ಹೇಳಿದಳು. "ಅಸ್ರಲ್ಲಿ ಬರ್ದೋರ್ ಕತೇನೂ ಇಷ್ಟೇಯಾ ಚಲುವಕ್ಕ. ಇದೂ ಅದ್ರಲ್ಲೇ ಬಿದ್ದಿತ್ತು."

ಮೂಲೆಯಲ್ಲಿ ಹಸು ಮೆಲುಕು ಹಾಕುತ್ತಿತ್ತು. ಚಲುವಮ್ಮ ಒಂಬತ್ತು ಕಾಗದವನ್ನೂ ಜೋಡಿಸಿ ಒಲೆಯ ಪಕ್ಕ ಇಟ್ಟಳು.

"ನಿನ್ ಗಂಡನ್ನ ಒಳ್ಳೇನು ಅನ್ಕಂಡಿದ್ದೆ. ಮನೆ ಬರ್ನಿಲ್ಲ ಅಂದ್ರೆ ಓಯ್ತು, ನಂಗೋಸ್ಕರ ಒಬ್ಬ ಬರೀತಾವ್ನಲ್ಲ ಅಂತ ಇತ್ತು. ನೀನ್ ಬಂದು ಅದ್ನೂ ಕಿತ್ಕಂಡ್ಬುಟ್ಟೆ" ಅಂದಳು. ದನಿ ಏರಿಸಲಿಲ್ಲ. "ನಿನ್ ಕಾಪಿ ಕುಡ್ಕಂಡು ಅಯ್ಯೋ ಪುಣ್ಯಾತ್ಗಿತ್ತಿ ಅಂತಿದ್ನಲ್ಲ, ನನ್ ಬುದ್ದಿಗಿಷ್ಟು."

"ನಂಗೂ ಗೊತ್ತಿರ್ನಿಲ್ಲ ಅಕ್ಕ. ನಂದೂ ಏಳೂ ನೀಲಿನೇ. ಅಸ ಬರ್ನಿಲ್ಲ, ಹದಿಮೂರ್ ದಿನ ಕಮ್ಮಿ ಅಂತ ಡೇರಿ ನಂಬರೂ ಓಯ್ತದೆ."

"ನಿಂಗ್ ಏಳು. ನಂಗ್ ಒಂಬತ್ತು" ಅಂದಳು ಚಲುವಮ್ಮ, ಎದ್ದು ಹಸುವಿಗೆ ಹುಲ್ಲು ಹಾಕಲು ಹೋದಳು. ತಿರುಗಿ ಬರಲಿಲ್ಲ. ಪಾರ್ವತಮ್ಮ ಸ್ವಲ್ಪ ಹೊತ್ತು ಕಾದು ಎದ್ದು ಬಂದಳು. ದಾರಿಯಲ್ಲಿ ಕಣ್ಣೀರು ಬಂತು, ಒರೆಸಿಕೊಳ್ಳಲಿಲ್ಲ. ಹೇಳದೆ ಇದ್ದಿದ್ದರೆ ಚೆನ್ನಾಗಿತ್ತೇನೋ ಅಂತ ಒಂದು ಮನಸ್ಸು, ಹೇಳದಿದ್ದರೆ ನಾನೂ ನೀಲಿ ಪೆನ್ನೇ ಆಗುತ್ತಿದ್ದೆ ಅಂತ ಇನ್ನೊಂದು.

ಮಾರ್ಚ್ ಹತ್ತೊಂಬತ್ತು. ಆವತ್ತು ಹಾಲು ಹಾಕಿದರೆ ಮೂವತ್ತೊಂದಕ್ಕೆ ಸರಿಯಾಗಿ ಹದಿಮೂರು ದಿನ. ಹಾಕದಿದ್ದರೆ ಮುಗಿಯಿತು. ಪಾರ್ವತಮ್ಮ ಬರಿಗೈಯಲ್ಲಿ ಡೇರಿಗೆ ಹೋದಳು, ಕೊನೆಯದಾಗಿ ಒಮ್ಮೆ ಕೇಳಿ ನೋಡೋಣ ಅಂತ. ಎಲ್ಲರೂ ಹಾಲು ಹಾಕಿ ಹೋಗಿ ಆಗಿತ್ತು. ಲೋಕೇಶ ಯಂತ್ರ ಒರೆಸುತ್ತಿದ್ದ. ಅವಳನ್ನು ಕಂಡು ಅವನ ಮುಖ ಸಣ್ಣದಾಯಿತು.

"ನಾನೇನ್ ಮಾಡ್ಲಿ ಪಾರ್ವತಕ್ಕ? ಒಂದ್ ಕೆಲ್ಸ ಮಾಡು. ಗಂಡ ಸತ್ತೋಗವ್ರೆ, ಅಸ ಇಲ್ಲ, ರಿಯಾಯ್ತಿ ಕೊಡಿ ಅಂತ ಅದ್ಯಕ್ಷರಿಗೆ ಒಂದು ಅರ್ಜಿ ಬರ್ಕೊಡು. ನೋಡಣ" ಅಂತ ಒಂದು ಬಿಳಿಹಾಳೆ ಮುಂದಿಟ್ಟು ಜೇಬಿನ ಪೆನ್ನು ಕೊಟ್ಟ.

ಪಾರ್ವತಮ್ಮ ಮುಚ್ಚಳ ತೆಗೆದು ನೋಡಿದಳು. ನೀಲಿ.

"ಇದ್ರಲ್ಲಿ ಬರೀಲಾ, ಅಸ್ರಲ್ಲಿ ಬರೀಲಾ?"

"ಯಾವ್ದಾದ್ರೇನಕ್ಕ?" ಅಂದ ಲೋಕೇಶ. ಅವನಿಗೇನು ಗೊತ್ತು, ಪಾಪ.

"ಯಾವ್ದಾದ್ರೂ ಒಂದೇಯಾ, ಅದು ನಿಜ" ಅಂದು ಪೆನ್ನನ್ನು ಮುಚ್ಚಿ ಹಾಳೆಯ ಮೇಲಿಟ್ಟಳು. "ನಾನ್ ಬರ್ಯಾಕಿಲ್ಲ ಲೋಕೇಶ. ಇನ್ಮೇಲೆ ಯಾರಿಗೂ ಏನೂ ಬರ್ಯಾಕಿಲ್ಲ. ನಂಬರ್ ಒಡ್ದಾಕು."

ಅಷ್ಟು ಹೇಳಿ ತಿರುಗುವಷ್ಟರಲ್ಲಿ ಬಾಗಿಲಲ್ಲಿ ಚಲುವಮ್ಮ. ಕೈಯಲ್ಲಿ ಒಂದು ಸ್ಟೀಲಿನ ಕ್ಯಾನು. ದಿನಾ ಹೊಸಹೊಳಲು ರಸ್ತೆಯ ಹೋಟೆಲಿಗೆ ಹೋಗುತ್ತಿದ್ದ ಹಾಲು ಅದು. ಅವಳು ಪಾರ್ವತಮ್ಮನ ಮುಖ ನೋಡಲಿಲ್ಲ. ನೇರವಾಗಿ ಹೋಗಿ ಕ್ಯಾನನ್ನು ಲೋಕೇಶನ ಮುಂದೆ ಕುಕ್ಕಿದಳು.

"ನಲವತ್ತೇಳಕ್ಕೆ ಆಕ್ಕೊ."

"ನಿಂಗೆ ನಂಬರೇ ಇಲ್ವಲ್ಲವ್ವ" ಅಂದ ಲೋಕೇಶ. "ಒಬ್ರ ಆಲು ಇನ್ನೊಬ್ರ ನಂಬರಿಗೆ ಆಕೋ ಅಂಗಿಲ್ಲ."

"ಆಲ್ ಮೇಲೆ ಎಸ್ರು ಬರ್ದದಾ? ನಿನ್ ಅದ್ಯಕ್ಷನ ನಂಬರಿಗೆ ಯಾವ್ಯಾವ್ ಕೇರಿ ಆಲು ಬೀಳ್ತದೆ ಅಂತ ಏಳ್ಲಾ ಈಗ?"

ಲೋಕೇಶ ಕ್ಯಾನು ಎತ್ತಿಕೊಂಡ. ಇಪ್ಪತ್ತು ವರ್ಷ ಬೇರೆಯವರ ಹಾಲು ಮುಟ್ಟದವಳು ಪಾರ್ವತಮ್ಮ. ಬೇಡವೆನ್ನಲು ಬಾಯಿ ತೆರೆದಳು. ಚಲುವಮ್ಮ ಅವಳ ಕಡೆ ತಿರುಗಿದಳು.

"ಪುಗಸಟ್ಟೆ ಅನ್ಕಬ್ಯಾಡ. ಹದಿಮೂರ್ ದಿನ ಆಕ್ತೀನಿ. ಬಟವಾಡೆ ಆದ್ ದಿನ ದುಡ್ಡು ತಂದು ನನ್ ಕೈಗಿಡ್ಬೇಕು. ಆಮ್ಯಾಕೆ ಸಾಲದ್ ಅಸ ಬಂದ್ ಮೇಲೆ ದಿನಾ ಒಂದ್ ಲೋಟ ಕಾಪಿ, ನನ್ ಮನೆಗೆ ತಂದ್ಕೊಡ್ಬೇಕು. ನಾನ್ ನಿನ್ ಜಗ್ಲಿ ಅತ್ತಾಕಿಲ್ಲ."

"ಬರ್ಕೊಡ್ಲಾ?" ಅಂದುಬಿಟ್ಟಳು ಪಾರ್ವತಮ್ಮ. ಅಷ್ಟು ವರ್ಷದ ಅಭ್ಯಾಸ, ಬಾಯಿಂದ ತಾನಾಗಿ ಬಂತು.

"ಕಾಗ್ದ ಗೀಗ್ದ ಅಂದ್ರೆ ನೋಡು" ಅಂದಳು ಚಲುವಮ್ಮ.

ಯಂತ್ರ ಕಿರ್ರೆಂದು ಒಂದು ಚೀಟಿ ಹೊರಗೆ ಹಾಕಿತು. ನಲವತ್ತೇಳು, ನಾಲ್ಕು ಲೀಟರ್ ಇನ್ನೂರು ಎಂ.ಎಲ್., ದಿನ ನೂರಾ ಅರವತ್ತೆಂಟು. ಲೋಕೇಶ ಅದನ್ನು ರೂಢಿಯಂತೆ ಪಾರ್ವತಮ್ಮನ ಕಡೆ ಚಾಚಿದ. ನಡುವೆಯೇ ಚಲುವಮ್ಮ ಕೈ ಹಾಕಿ ಕಿತ್ತುಕೊಂಡಳು. ಕಣ್ಣಿಗೆ ಹತ್ತಿರ ಹಿಡಿದು, ಹಿಂದೆ ಮುಂದೆ ತಿರುಗಿಸಿ ನೋಡಿದಳು.

"ಇದು ಕರ್ರಗದೆ" ಅಂದು ಸೆರಗಿನ ತುದಿಗೆ ಗಂಟು ಹಾಕಿಕೊಂಡು, ಖಾಲಿ ಕ್ಯಾನು ಎತ್ತಿಕೊಂಡು ನಡೆದಳು.